ರವದಿಯ ಮುಯ್ಯಿ

ಮೂಡಲಗಿ ಉಪಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ನನಗೆ ಊಟ ರುಚಿಸುತ್ತದೆ. ನಮ್ಮ ಕಸುಬಿನಲ್ಲಿ ಕೆಂಪು ಅಂದರೆ ಲೈನಿನಲ್ಲಿ ವಿದ್ಯುತ್ ಹರಿಯುತ್ತಿದೆ ಎಂದರ್ಥ. ಹಸಿರು ಹತ್ತಿತೋ, ಲೈನ್ ಬಿತ್ತು. ಬೀಳುವುದೆಂದರೆ ತಂತಿ ಹರಿದು ನೆಲಕ್ಕೆ ಬೀಳುವುದಲ್ಲ. ಎಲ್ಲೋ ದೋಷ ಕಂಡ ರಕ್ಷಣಾ ಉಪಕರಣ ತಾನಾಗಿಯೇ ಲೈನನ್ನು ಕಡಿದು ಹಾಕುವುದು. ಆ ಸಂಜೆ ನಾನು ಚಹಾದ ಕಪ್ಪು ಬಾಯಿಗೆ ಹಿಡಿಯುವುದಕ್ಕೂ ಗಂಟೆ ಕಿರುಚುವುದಕ್ಕೂ ಸರಿಹೋಯಿತು. ತಿರುಗಿ ನೋಡಿದರೆ ಹಸಿರು! ಅದೂ ಎರಡನೇ ಸಲ. ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಹಾ ಅರ್ಧ ನನ್ನ ಕೈಮೇಲೆ, ಅರ್ಧ ಹಿರಿಯ ಲೈನ್‌ಮನ್ನನ ಅಂಗಿಯ ಮೇಲೆ ಚೆಲ್ಲಿತು.

"ನನ್ನ ಮ್ಯಾಲ್ಯಾಕ ಸಿಟ್ಟರಿ ಮೇಡಂ? ಲೈನ್ ನಾ ಕೆಡವಿಲ್ರಿ" ಎಂದ ಅವನು.

ಯಮಕನಮರಡಿಯ ಆಚೆ, ಹುಕ್ಕೇರಿ ಸೀಮೆಯ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳ ವಿದ್ಯುತ್ತನ್ನು ಅಂಕಲಗಿ ದಾಟಿಸಿ, ಘಟಪ್ರಭಾ ಹಾಯಿಸಿ, ನಾಗನೂರಿನ ಕಬ್ಬಿನ ಮೇಲಿಂದ ಮೂಡಲಗಿಗೆ ತಂದು ದೇಶದ ವಿದ್ಯುತ್ ಜಾಲಕ್ಕೆ ಸೇರಿಸುವ ಲೈನ್ ಅದು. ಅದರ ಉಸ್ತುವಾರಿ ನನ್ನದು. ಕಂಬ ಎದ್ದಾಗಿತ್ತು, ತಂತಿ ಎಳೆದಾಗಿತ್ತು, ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತಿದ್ದವು. ಉಳಿದದ್ದು ಒಂದೇ ಪರೀಕ್ಷೆ. ಮೂರು ಹಗಲು ಮೂರು ರಾತ್ರಿ ಲೈನ್ ಒಮ್ಮೆಯೂ ಬೀಳದೆ ಗಾಳಿಯ ವಿದ್ಯುತ್ತನ್ನು ಹೊತ್ತು ತರಬೇಕು. ತಂದರೆ, ರಾಜ್ಯದ ವಿದ್ಯುತ್ ಹಂಚಿಕೆ ನೋಡಿಕೊಳ್ಳುವ ಕೇಂದ್ರದವರು ನಮ್ಮ ಗಾಳಿಯನ್ನು ನಂಬಿ ಲೆಕ್ಕಕ್ಕೆ ಹಿಡಿಯುತ್ತಾರೆ. ನಡುವೆ ಬಿದ್ದರೆ ಮತ್ತೆ ಮೊದಲಿನಿಂದ ಶುರು.

ಅವರು ನಂಬುವ ತನಕ ಇನ್ನೊಂದು ಕಡೆ ಒಂದು ಒಲೆ ಉರಿಯುತ್ತಲೇ ಇರಬೇಕಿತ್ತು. ದೂರದ ಕಲ್ಲಿದ್ದಲು ಸ್ಥಾವರದ ಹಳೆಯ ಘಟಕವೊಂದನ್ನು ಬರೀ ನಮ್ಮ ಮೇಲಿನ ಅಪನಂಬಿಕೆಗೆ ಹೊತ್ತಿಸಿ ಇಟ್ಟಿದ್ದರು. ಗಾಳಿಯ ಲೈನ್ ಸಂಜೆ ಕೈಕೊಟ್ಟರೆ ಇರಲಿ ಎಂದು! ಅದೇ ಘಟಕದಲ್ಲಿ ನಾನು ಕೆಲಸ ಕಲಿತವಳು. ಅಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಇನ್ನೂ ಅದರ ಪಾಳಿ ಮುಖ್ಯಸ್ಥರು, ಹುಕ್ಕೇರಿಯವರು. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಲೈನ್ ಬಿದ್ದ ಸುದ್ದಿ ಅವರಿಗೆ ನನಗಿಂತ ಮೊದಲೇ ಮುಟ್ಟುತ್ತಿತ್ತು; ನಮ್ಮದು ಬಿದ್ದ ಮರುಕ್ಷಣ ಅವರ ಒಲೆಗೆ ಇನ್ನಷ್ಟು ಕಲ್ಲಿದ್ದಲು ಸುರಿಯುವ ಆದೇಶ ಹೋಗುತ್ತಿತ್ತಲ್ಲ.

"ತಂಗೀ, ಮತ್ತ ಬಿತ್ತೇನ?" ಯಂತ್ರದ ಗದ್ದಲದಲ್ಲಿ ಅವರು ಫೋನಿನೊಳಗೆ ಒದರುತ್ತಿದ್ದರು. "ಈ ಮುದಿ ಎಮ್ಮಿಗೆ ತಿನಸಿ ತಿನಸಿ ನನಗ ಸಾಕಾಗೇತಿ. ತಿನ್ನೂದು ರಾಶಿ, ಹಿಂಡೂದು ಲೋಟಾ. ಲಗೂನ ಬಿಡಿಸಬೇ ಮಾರಾಯ್ತಿ."

"ಬಿಡಸ್ತೇನಿ ಅಣ್ಣಾ" ಎಂದೆ. ಹೇಗೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಹಂಚಿಕೆ ಕೇಂದ್ರದವರು ಇನ್ನೊಂದೇ ಅವಕಾಶ ಕೊಟ್ಟಿದ್ದರು. ಅದೂ ತಪ್ಪಿದರೆ ಮಳೆಗಾಲ ಕಳೆದ ಮೇಲೆ ನೋಡೋಣ ಎಂದಿದ್ದರು. ಅಂದರೆ ಬೇಸಿಗೆಯುದ್ದಕ್ಕೂ ಆ ಒಲೆ ಉರಿಯಬೇಕು, ಗುಡ್ಡದ ಮೇಲೆ ನಮ್ಮ ರೆಕ್ಕೆಗಳು ನೋಡುವವರಿಗೆ ಚೆಂದವಾಗಿ ತಿರುಗುತ್ತಿರಬೇಕು, ಅಷ್ಟೆ.

ದೋಷ ಎಷ್ಟು ದೂರದಲ್ಲಿದೆ ಎಂದು ರಕ್ಷಣಾ ಉಪಕರಣವೇ ಹೇಳುತ್ತದೆ. ಎರಡು ಸಲವೂ ಅದು ಬೆರಳು ತೋರಿಸಿದ್ದು ನಾಗನೂರಿನ ಆಸುಪಾಸಿನ ಕಂಬಗಳ ಕಡೆಗೆ. ನಾಗನೂರು ನನ್ನದೇ ಊರು, ಹಾಗಾಗಿ ನನಗೆ ಮೊದಲೇ ಸ್ವಲ್ಪ ಅವಮಾನ. ಮೊದಲ ಸಲ ಬಿದ್ದ ಮರುದಿನ ಬೆಳಿಗ್ಗೆ ನಾನು, ಹಿರಿಯ ಲೈನ್‌ಮನ್, ಅವನ ತಂಡದವರು ಕಂಬದಿಂದ ಕಂಬಕ್ಕೆ ನಡೆದೆವು. ದುರ್ಬೀನು ಹಿಡಿದು, ತಂತಿ ಕಂಬಕ್ಕೆ ತಾಗದಂತೆ ಹಿಡಿದಿರುವ ಪಿಂಗಾಣಿ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದೆವು. ಬಿರುಕಿಲ್ಲ, ಸುಟ್ಟ ಕಲೆ ಇಲ್ಲ. ಒಂದು ಬೇವಿನ ಮರದ ಟೊಂಗೆ ಎತ್ತರ ಬೆಳೆದಂತೆ ಕಂಡಿತು, ಕಡಿಸಿದೆವು. ಪಾಪ, ಅದು ತಂತಿಯಿಂದ ಬಹಳ ದೂರವೇ ಇತ್ತು. ಎರಡನೇ ಸಲ ಬಿದ್ದ ಮೇಲೆ ಅನುಮಾನಕ್ಕೆಂದು ಒಂದು ಕಂಬದ ಬಿಲ್ಲೆಗಳ ಸರವನ್ನೇ ಬದಲಿಸಿದೆವು. ನೆತ್ತಿ ಕಾದ ಬಿಸಿಲಲ್ಲಿ ಕಂಬ ಹತ್ತಿ ಇಳಿದವರು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ನನ್ನ ಬೂಟು ಪೂರಾ ಕಪ್ಪಾಗಿತ್ತು. ಹುಲ್ಲಿಗೆ ಒರೆಸಿಕೊಂಡು ರೊಟ್ಟಿ ಮುರಿದೆ.

ಆ ಬೂಟನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ.

ಮೂರನೇ ಪರೀಕ್ಷೆ ಶುರುವಾಗಲು ಇನ್ನೂ ಕೆಲವು ದಿನಗಳಿದ್ದವು. ತಲೆ ಕೆಟ್ಟಂತಾಗಿ ಒಂದು ಸಂಜೆ ಕಾಕಾನ ಮನೆಗೆ ಹೋದೆ. ಕಾಕಾ ಅಂದರೆ ಅಪ್ಪನ ತಮ್ಮ. ನಮ್ಮ ಹೊಲವನ್ನೂ ಅವನೇ ನೋಡಿಕೊಳ್ಳುವುದು. ಚಿಗವ್ವ ಚಹಾ ಕೊಟ್ಟಳು. ಕಾಕಾ ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡು ಎದ್ದ.

"ನೀ ಚಾ ಕುಡಕೋತ ಕೂಡು. ನಿನ್ನೆ ಕಬ್ಬ ಕಡದ ಹ್ವಾದ್ರು, ಗಾಳಿ ನಿಂತೈತಿ. ರವದಿಗಿ ಕಡ್ಡಿ ಕೊರದ ಬರತೇನಿ."

ರವದಿ ಅಂದರೆ ಕಬ್ಬು ಕಡಿದ ಮೇಲೆ ಹೊಲದ ತುಂಬ ಬಿದ್ದಿರುವ ಒಣಗಿದ ಗರಿ. ಮಾಘ ಮಾಸದಲ್ಲಿ ನಮ್ಮ ಕಡೆ ಸಂಜೆಯಾದರೆ ಒಂದಲ್ಲ ಒಂದು ಹೊಲದಲ್ಲಿ ಅದು ಉರಿಯುತ್ತಲೇ ಇರುತ್ತದೆ. ನಾನು ಹುಟ್ಟಿದಾಗಿನಿಂದ ಕಂಡ ನೋಟ. ಸುಮ್ಮನೆ ಕಾಕಾನ ಹಿಂದೆ ಹೋದೆ, ಹೊತ್ತು ಹೋಗಲೆಂದು.

ಬೆಂಕಿ ಹತ್ತಿದ್ದೇ ತಡ, ಹೊಲದ ಆ ತುದಿಯಿಂದ ಈ ತುದಿಗೆ ಪಟಪಟನೆ ಓಡಿತು. ನೆಲದ ಮೇಲೆ ಗಾಳಿ ಇರಲಿಲ್ಲ, ಹೊಗೆ ನೆಟ್ಟಗೆ ಮೇಲೆ ಏರಿತು. ಏರುತ್ತ ಏರುತ್ತ ನನ್ನ ತಂತಿಗಳನ್ನು ಮುಟ್ಟಿತು. ತಲೆಯ ಮೇಲೆ ಜುಂಯ್ ಎನ್ನುತ್ತಿದ್ದ ತಂತಿ ಚಿಟಿಚಿಟಿ ಎನ್ನತೊಡಗಿತು. ನಾನು ಬಾಯಿ ತೆರೆದು ನಿಂತೆ. ನಂತರ ಎಂಥ ದನಿಯಲ್ಲಿ ಕೂಗಿದೆನೆಂದರೆ ಹಳ್ಳದ ಆಚೆಯ ಎಮ್ಮೆಗಳೂ ತಲೆ ಎತ್ತಿದವು.

"ಕಾಕಾ, ಹಿಂದ ಸರಿ! ತಂತಿ ಬುಡಕ ನಿಂದ್ರಬ್ಯಾಡ! ಹಿಂದ ಸರಿ!"

ಅವನ ತೋಳು ಹಿಡಿದು ಎಳೆದು ಬದುವಿಗೆ ತಂದು ನಿಲ್ಲಿಸುವಷ್ಟರಲ್ಲಿ ಮೇಲೆ ಢಬ್ ಎಂದು ಸಿಡಿದ ಸದ್ದು, ಕಣ್ಣು ಕೋರೈಸುವ ಬೆಳಕು. ಜುಂಯ್ ನಿಂತುಹೋಯಿತು. ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಹಿರಿಯ ಲೈನ್‌ಮನ್.

"ಮೇಡಂ, ಲೈನ್ ಬಿತ್ರಿ."

"ಗೊತ್ತೈತಿ" ಎಂದೆ. "ಕೆಡವಿದಾಂವ ನನ್ನ ಮುಂದನ ನಿಂತಾನ."

ಕಾಕಾನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಸುಧಾರಿಸಿಕೊಂಡ ಮೇಲೆ ಅವನು ಮೊದಲು ಕೇಳಿದ್ದು, "ನಾ ಏನ ಮಾಡೇನಿ? ನಿನ್ನ ತಂತಿ ಅಷ್ಟ ಎತ್ತರದಾಗ ಐತಿ, ನನ್ನ ಬೆಂಕಿ ನೆಲದ ಮ್ಯಾಲ ಐತಿ."

ಅಲ್ಲೇ ಬದುವಿನ ಮೇಲೆ ಕೂತು ಹೇಳಿದೆ. ಬಿಸಿಗೆ ತಂತಿಯ ಕೆಳಗಿನ ಗಾಳಿ ತೆಳುವಾಗುತ್ತದೆ, ಹೊಗೆಯಲ್ಲಿ ಬೂದಿಯ ಕಣಗಳು ತೇಲುತ್ತವೆ, ತಂತಿಯಲ್ಲಿನ ವಿದ್ಯುತ್ತಿಗೆ ನೆಲಕ್ಕಿಳಿಯಲು ಅದೇ ಏಣಿಯಾಗುತ್ತದೆ. ಹೇಳುತ್ತಿದ್ದಂತೆ ನನಗೇ ಎಲ್ಲ ಬಿಡಿಸಿಕೊಂಡಿತು. ಊರಲ್ಲಿ ಗಾಳಿ ತಗ್ಗುವ ಸಂಜೆಯ ಹೊತ್ತೇ ಗುಡ್ಡದ ಎತ್ತರದಲ್ಲಿ ಗಾಳಿ ಏರುವ ಹೊತ್ತು. ಅಲ್ಲಿ ರೆಕ್ಕೆಗಳು ಜೋರಾಗಿ ತಿರುಗುವಾಗಲೇ ಇಲ್ಲಿ ರೈತರು ಕಡ್ಡಿ ಕೊರೆಯುತ್ತಾರೆ. ಬೆಳಿಗ್ಗೆ ನಾವು ಹುಡುಕಲು ಹೋದಾಗ ಸಿಗುವುದು ಕರಕಾದ ಹೊಲ ಮಾತ್ರ. ಬೇರೆ ಸೀಮೆಯ ಇಂಜಿನಿಯರಾಗಿದ್ದರೆ, ಇದೇನಿದು ನೆಲ ಸುಟ್ಟಿದೆಯಲ್ಲ ಎಂದು ಮೊದಲನೇ ದಿನವೇ ಕೇಳುತ್ತಿದ್ದ. ನಾನು, ಲೈನ್‌ಮನ್, ತಂಡದವರು ಎಲ್ಲರೂ ಇಲ್ಲಿಯವರೇ. ಈ ದಿನಗಳಲ್ಲಿ ಕಪ್ಪು ಹೊಲ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆ ಬೂದಿಯಲ್ಲೇ ನಡೆದಾಡಿ, ಅದರ ಬದುವಿನ ಮೇಲೇ ಉಂಡು, ದುರ್ಬೀನಿನಲ್ಲಿ ಆಕಾಶ ನೋಡಿದ್ದೆವು!

ಮರುದಿನ ನಮ್ಮ ಸಾಹೇಬರಿಗೆ ತಿಳಿಸಿದೆ. ಕೆಲಸದಲ್ಲಿ ಶಿಸ್ತಿನ ಮನುಷ್ಯ, ಯೋಜನೆಯ ಮುಖ್ಯಸ್ಥರು. "ಪೊಲೀಸರಿಗೆ ದೂರು ಕೊಡೋಣ. ಕಂಬಕ್ಕೊಂದು ಎಚ್ಚರಿಕೆ ಫಲಕ ಹಾಕಿಸಿ" ಎಂದರು.

ದೂರಿನಲ್ಲಿ ಮೊದಲ ಹೆಸರು ನಮ್ಮ ಕಾಕಾನದೇ ಬರೆಯಬೇಕಾಗುತ್ತಿತ್ತು. ಅದಿರಲಿ, ಫಲಕ ನೋಡಿ ಬೆಂಕಿ ಹಚ್ಚದೆ ಉಳಿದ ರೈತನನ್ನು ನಾನು ಕಂಡಿಲ್ಲ. ಒಂದು ದಿನ ಸಮಯ ಕೇಳಿಕೊಂಡು ಮತ್ತೆ ನಾಗನೂರಿಗೆ ಹೋದೆ. ಕಾಕಾನ ಕಟ್ಟೆಯ ಮೇಲೆ ಲೈನಿನ ಕೆಳಗೆ ಹೊಲ ಇರುವ ನಾಲ್ಕಾರು ಮಂದಿ ಸೇರಿದ್ದರು. ಅವರಲ್ಲಿ ಬಾಜೂ ಹೊಲದ ಚಾಚಾ ಒಬ್ಬರು. ಕಾಕಾನ ಬಾಲ್ಯದ ಜೊತೆಗಾರರು, ನೇರ ಮಾತಿನ ಮುದುಕರು.

"ಸುಡಬ್ಯಾಡ ಅನ್ನೂದು ಸಸಾರ ಐತಿ ಬೇಟಿ" ಎಂದರು ಚಾಚಾ. "ರವದಿ ಸಾಲಿನಾಗ ಬಿದ್ದರ ನೀರ ಮುಂದ ಹೋಗಂಗಿಲ್ಲ. ಕಾಲವಿ ನೀರಿನ ಪಾಳಿ ಬರೂದರಾಗ ಹೊಲಾ ಸ್ವಚ್ಛ ಆಗಬೇಕು, ಇಲ್ಲಂದ್ರ ಬೇರಿನಿಂದ ಮತ್ತ ಚಿಗಿಯೂ ಕುಳಿ ಕಬ್ಬ ಒಣಗತೈತಿ. ಅದನ್ನ ಬಳದ ಒತ್ತಟ್ಟಿಗಿ ಮಾಡಾಕ ಆಳ ಎಲ್ಲಿ ಅದಾವ? ಕಡ್ಡಿ ಕೊರದರ ಒಂದ ತಾಸಿನ ಕೆಲಸಾ."

"ಸುಡೂದರಿಂದ ನೆಲದ ಸತ್ವ ಹೋಗತೈತಿ ಅನ್ನೂದು ನಮಗೂ ಗೊತ್ತೈತವಾ" ಎಂದ ಕಾಕಾ. "ಒಂದ ಸಾಲ ಬಿಟ್ಟ ಒಂದ ಸಾಲಿಗಿ ರವದಿ ಒಟ್ಟಿದರ ಖಾಲಿ ಸಾಲಿನಾಗ ನೀರ ಹರೀತೈತಿ, ರವದಿ ಕೊಳತ ಗೊಬ್ಬರಾ ಆಗತೈತಿ. ಖರೆ, ಮಾಡವರ ಯಾರು?"

ಒಳಗಿನಿಂದ ಚಿಗವ್ವ ತಲೆ ಹಾಕಿದಳು. "ಮುಯ್ಯಾಳ ಹೋಗೂದ ಬಿಟ್ಟೀರಿ, ಈಗ ಆಳ ಇಲ್ಲ ಆಳ ಇಲ್ಲ ಅಂತೀರಿ. ನಾ ಈ ಮನಿಗಿ ಬಂದಾಗ ಅರ್ಧ ಊರ ಮುಯ್ಯಾಳಿನ ಮ್ಯಾಲ ನಡೀತಿತ್ತ."

ಮುಯ್ಯಾಳು ಅಂದರೆ ಕೂಲಿ ಇಲ್ಲದ ಆಳು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ, ನನಗೆ ಬೇಕಾದ ದಿನ ನೀನು ನನ್ನ ಹೊಲಕ್ಕೆ ಬರಬೇಕು. ಇಲ್ಲವೆನ್ನುವಂತಿಲ್ಲ, ಮುಂದೆ ಹಾಕುವಂತಿಲ್ಲ. ಚಿಕ್ಕವಳಿದ್ದಾಗ ಅವ್ವನ ಸೆರಗು ಹಿಡಿದು ನಾನೂ ಮುಯ್ಯಾಳಿಗೆ ಹೋಗಿದ್ದೆ. ನನಗೆ ಆ ಕ್ಷಣದಲ್ಲಿ ಗುಡ್ಡದ ಮೇಲಿನ ನಮ್ಮ ಹುಡುಗರು ನೆನಪಾದರು. ಪರೀಕ್ಷೆಗೆ ಮುಹೂರ್ತ ಕಾಯುತ್ತ, ಯಂತ್ರಗಳ ಬುಡದಲ್ಲಿ ಇಸ್ಪೀಟು ಆಡುತ್ತ ಕೂತ ಗಟ್ಟಿಮುಟ್ಟು ತೋಳುಗಳು!

"ನಾವು ಬರತೇವಿ, ಮುಯ್ಯಾಳ" ಎಂದೆ. ಬಾಯಿಂದ ಬಂದಾದ ಮೇಲೆ ಸಾಹೇಬರ ಮುಖ ನೆನಪಾಯಿತು.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಚಾಚಾ ನಗಲಿಲ್ಲ. "ನೀವ ಬಂದರ, ತಿರುಗಿ ನಾವ ಏನ ಮಾಡಬೇಕ? ನಿಮ್ಮ ಫಂಕಾ ತಿರವಾಕ ಬರಬೇಕೇನ?"

"ನಿಮ್ಮನಿಮ್ಮೊಳಗ ಒಬ್ಬರ ಹೊಲಕ್ಕ ಒಬ್ಬರ ಹೋಗ್ರಿ. ತಂತಿ ಬುಡಕ ಕಡ್ಡಿ ಕೊರಿಬ್ಯಾಡ್ರಿ. ಅದ ನನಗ ಮುಯ್ಯಿ."

ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. "ಇದು ಯಾವ ನಿಯಮಾವಳಿಯಲ್ಲಿದೆ?" ಯಾವುದರಲ್ಲೂ ಇಲ್ಲ ಸರ್, ಫಲಕ ಹಾಕುವುದು ಇದೆ, ಆದರೆ ಅದರಿಂದ ಲೈನ್ ನಿಲ್ಲುವುದಿಲ್ಲ ಎಂದೆ. ಅವರು "ಎಲ್ಲರೂ ಹೆಲ್ಮೆಟ್ ಹಾಕಿಕೊಂಡಿರಬೇಕು" ಎಂದರು. ಒಪ್ಪಿಗೆ ಅಂದರೆ ಅಷ್ಟೇ.

ಆ ದಿನಗಳಂಥ ಕೆಲಸದ ದಿನಗಳು ನನಗೆ ಮತ್ತೆ ಸಿಕ್ಕಿಲ್ಲ. ಮುಗಿಲೆತ್ತರದ ಯಂತ್ರದ ನೆತ್ತಿಯ ಮೇಲೆ ಅಂಜದೆ ನಿಲ್ಲುವ ಹುಡುಗರು ರವದಿಯ ಮುಂದೆ ಅರ್ಧ ಗಂಟೆಗೆ ಸೋತರು. ಗರಿಯ ಅಂಚು ಮೈ ಕೊಯ್ಯುತ್ತದೆ, ಅದರ ಕೂದಲಿನಂಥ ಸುಂಕು ಕುತ್ತಿಗೆಗೆ ಇಳಿದರೆ ಮುಗಿಯಿತು, ತುರಿಕೆ. ಹೆಲ್ಮೆಟ್ ಹಾಕಿಕೊಂಡು ಕವೆಗೋಲು ಹಿಡಿದು ತುರಿಸಿಕೊಳ್ಳುತ್ತ ನಿಂತವರನ್ನು ನೋಡಿ ಹೆಂಗಸರು ನಕ್ಕೂ ನಕ್ಕೂ ಬದುವಿನ ಮೇಲೆ ಕೂತುಬಿಟ್ಟರು. "ಏ ತಮ್ಮಾ, ಹಂಗ ಕೆದರಬ್ಯಾಡೋ, ಹಾಸಿಗಿ ಸುತ್ತಿದಂಗ ಸುತಗೋತ ಬಾ" ಎಂದು ಚಿಗವ್ವ ತೋರಿಸಿಕೊಟ್ಟಳು. ಮಧ್ಯಾಹ್ನ ಬುಟ್ಟಿಗಟ್ಟಲೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಮಜ್ಜಿಗೆ ಬಂತು. ಅದಕ್ಕಿಂತ ಖುಷಿ ಕೊಟ್ಟದ್ದು ಇನ್ನೊಂದು. ಊರಿನವರೂ ಸುಮ್ಮನೆ ನೋಡುತ್ತ ನಿಲ್ಲಲಿಲ್ಲ. ಮೊದಲು ಕವೆಗೋಲು ಎತ್ತಿಕೊಂಡದ್ದು ಚಾಚಾ. ಅವರ ಕಬ್ಬು ಇನ್ನೂ ಕಡಿದೇ ಇರಲಿಲ್ಲ. ಆದರೂ ಕಾಕಾ ನೋಡಿಕೊಳ್ಳುವ, ಸುಡದೆ ಉಳಿದಿದ್ದ ನಮ್ಮ ಹೊಲ, ಅದರ ಮುಂದಿನ ಹೊಲ, ಅದರಾಚೆಯ ಹೊಲ, ಎಲ್ಲದರಲ್ಲೂ ಅವರು ನಮಗಿಂತ ಮೊದಲು ಬಂದು ಸಾಲು ಹಿಡಿಯುತ್ತಿದ್ದರು.

ಲೈನಿನ ಕೆಳಗೆ ಕಡಿದ ಹೊಲಗಳೆಲ್ಲ ಸ್ವಚ್ಛವಾದ ಮೇಲೆ ಒಂದು ಸಂಜೆ ಮೂರನೇ ಪರೀಕ್ಷೆ ಶುರುವಾಯಿತು. ಹುಡುಗರು ತುರಿಸಿಕೊಳ್ಳುತ್ತಲೇ ಗುಡ್ಡ ಹತ್ತಿದರು, ಅವರ ಜೊತೆ ಸಾಹೇಬರೂ. ನಾನು ಮೂಡಲಗಿಯಲ್ಲಿ ಕೆಂಪು ದೀಪದ ಎದುರು ಕೂತೆ. ಮೊದಲ ದಿನದ ಸಂಜೆ ಗಾಳಿ ಏರಿತು, ದೀಪ ಕೆಂಪಗೇ ಇತ್ತು. ಎರಡನೇ ಸಂಜೆಯೂ ಮೂರನೇ ಸಂಜೆಯೂ ದಾಟಿದವು. ಚಹಾ ಕುಡಿಯಲು ಮಾತ್ರ ನನಗೆ ಧೈರ್ಯ ಬರಲಿಲ್ಲ, ಕಪ್ಪು ಎತ್ತಿದರೆ ಲೈನ್ ಬೀಳುತ್ತದೆ ಎಂದು ಮನಸ್ಸಿಗೆ ಅಂಟಿಬಿಟ್ಟಿತ್ತು.

ಕೊನೆಯ ಮಧ್ಯಾಹ್ನ, ನಾಗನೂರಿನಲ್ಲಿ ಕಾವಲಿಗಿದ್ದ ಹಿರಿಯ ಲೈನ್‌ಮನ್ ಫೋನ್ ಮಾಡಿದ.

"ಮೇಡಂ, ಕಾರ್ಖಾನಿ ಟ್ರ್ಯಾಕ್ಟರ್ ಒಮ್ಮಿಂದೊಮ್ಮೆಲೆ ಬಂದೂರಿ. ಚಾಚಾರ ಕಬ್ಬ ಕಡದ ಮುಗಿಸ್ಯಾರ. ನಾಳಿ ಮುಂಜಾನಿ ಅವರ ನೀರಿನ ಪಾಳಿ ಐತ್ರಿ. ಹೊಲದ ತುಂಬ ರವದಿ ಬಿದ್ದೈತಿ. ಚಾಚಾ ಮನಿಗಿ ಹೋಗ್ಯಾರ."

ಮನೆಗೆ ಯಾಕೆ ಹೋಗಿರುತ್ತಾರೆ? ಕಡ್ಡಿಪೆಟ್ಟಿಗೆಗೆ ಎಂದೇ ನನ್ನ ತಲೆಗೆ ಬಂತು. ಹುಡುಗರೆಲ್ಲ ಗುಡ್ಡದ ಮೇಲೆ. ಚಾಚಾ ನಮ್ಮೆಲ್ಲರಿಗೆ ಆಳಾದವರು, ಅವರ ಪಾಳಿಗೆ ನನ್ನ ಹತ್ತಿರ ಒಬ್ಬನೂ ಇಲ್ಲ. ಜೀಪು ಹತ್ತಿ ಹೊರಟೆ. ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು, ನೆಂಟರ ಮನೆಗೆ ಹೊರಟವರಂತೆ ನಿಧಾನ ಹೋಗುತ್ತಿದ್ದವು. ಹಾರ್ನ್ ಬಾರಿಸಿದೆ, ಬೈದೆ, ಕೊನೆಗೆ ಕೈಮುಗಿದೆ. ಹೊತ್ತು ಇಳಿಯುತ್ತಿತ್ತು. ನಾಗನೂರು ಹತ್ತಿರವಾದಾಗ ಕಂಬಗಳ ಕೆಳಗೆ ಏನೋ ಮೇಲೇಳುತ್ತಿರುವುದು ಕಂಡಿತು. ಜೀಪನ್ನು ಹೊಲದ ದಾರಿಗೆ ತಿರುಗಿಸಿದೆ.

ಹತ್ತಿರ ಹೋಗಿ ನೋಡಿದರೆ ಹೊಗೆಯಲ್ಲ, ಧೂಳು.

ಚಾಚಾನ ಹೊಲದ ತುಂಬ ಮಂದಿ. ಕಾಕಾ, ಚಿಗವ್ವ, ಕಟ್ಟೆಯ ಮೇಲೆ ನಕ್ಕವರು, ಅವರ ಮನೆಯವರು, ಹತ್ತಾರು ಕವೆಗೋಲುಗಳು. ಕಾಕಾ ನಮ್ಮ ಹುಡುಗ ಮರೆತುಹೋದ ಹಳದಿ ಹೆಲ್ಮೆಟ್ ಹಾಕಿಕೊಂಡಿದ್ದ. ಸಾಲಿನ ಕೊನೆಯಲ್ಲಿ, ಪ್ಯಾಂಟು ಮಡಚಿಕೊಂಡು, ಗುಡ್ಡದಿಂದ ಯಾವಾಗ ಇಳಿದು ಬಂದರೋ, ನಮ್ಮ ಸಾಹೇಬರು!

ಚಾಚಾ ಚಹಾದ ಕಿಟ್ಲಿ ಹಿಡಿದು ಬದುವಿನ ಮೇಲೆ ನಿಂತಿದ್ದರು. ಮನೆಗೆ ಹೋದದ್ದು ಇದಕ್ಕೆ.

"ಯಾಕ ಬೇಟಿ, ಮಾರಿ ಹಿಂಗ್ಯಾಕ ಮಾಡೀದಿ? ಸುಟ್ಟಬಿಡತಾನಂತ ತಿಳದೇನ?" ಎಂದರು. "ಎಲ್ಲಾರ ಹೊಲದಾಗೂ ನನ್ನ ಮುಯ್ಯಿ ಇತ್ತ. ಇವತ್ತ ನನಗ ಬೇಕಾದ ದಿನಾ. ಕರದೆ, ಬಂದ್ರು."

ಕಣ್ಣು ತುಂಬಿ ಬಂದವು. ಅಳುವುದೋ ನಗುವುದೋ ತಿಳಿಯದೆ ಅವರ ಕೈಯಿಂದ ಚಹಾ ಇಸಿದುಕೊಂಡು, ಮೂರು ದಿನಗಳ ಮೇಲೆ ಮೊದಲ ಸಲ, ಪೂರ್ತಿ ಕುಡಿದೆ. ತಲೆಯ ಮೇಲೆ ತಂತಿ ಜುಂಯ್ ಎನ್ನುತ್ತಲೇ ಇತ್ತು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಮೂಡಲಗಿಯಿಂದ ಫೋನ್ ಬಂತು. ಅವಧಿ ಮುಗಿದಿತ್ತು, ದೀಪ ಕೆಂಪಗಿತ್ತು. ಹಂಚಿಕೆ ಕೇಂದ್ರದವರು ನಮ್ಮ ಗಾಳಿಯನ್ನು ಲೆಕ್ಕಕ್ಕೆ ಹಿಡಿದಿದ್ದರು. ಸಾಹೇಬರು ಗೋಕಾಕದಿಂದ ಕರದಂಟು ತರಿಸಿ ಹೊಲದಲ್ಲೇ ಹಂಚಿದರು. ಅವರ ಕುತ್ತಿಗೆ ಕೆಂಪಗೆ ದದ್ದೆದ್ದಿತ್ತು, ಶಿಸ್ತಿನ ಮನುಷ್ಯ ಎಲ್ಲರೆದುರು ತುರಿಸಿಕೊಳ್ಳುತ್ತಿದ್ದರು.

ಚಾಚಾನ ಹೊಲದ ಒಂದು ಪಾಲು ಇನ್ನೂ ಉಳಿದಿತ್ತು. ಪರೀಕ್ಷೆ ಮುಗಿದಿತ್ತು, ನನ್ನ ಮುಯ್ಯಿ ಮುಗಿದಿರಲಿಲ್ಲ. ಮರುದಿನ ಬೆಳಿಗ್ಗೆ ಹುಡುಗರನ್ನು ಕರೆದುಕೊಂಡು ಹೋದೆ. ಒಂದು ಬದಿಯಿಂದ ಕಾಲುವೆ ನೀರು ಖಾಲಿ ಸಾಲುಗಳಲ್ಲಿ ಹರಿದು ಬರುತ್ತಿತ್ತು, ಅದರ ಮುಂದೆ ಮುಂದೆ ನಾವು ರವದಿ ಸುತ್ತುತ್ತ ಓಡುತ್ತಿದ್ದೆವು. ಆಗ ಅಣ್ಣನ ಫೋನ್ ಬಂತು.

"ತಂಗೀ" ಎಂದರು. ಮೆಲ್ಲಗೆ. ಅವರ ಮೆಲುದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಆ ಯಂತ್ರಶಾಲೆಯಲ್ಲಿ ಎಲ್ಲರೂ ಒದರಿಯೇ ಮಾತಾಡಬೇಕು. "ಘಟಕ ನಿಲ್ಲಸಂತ ಆದೇಶ ಬಂತ. ಒಲಿ ಆರಿಸೇವಿ. ನೋಡ, ಇಲ್ಲಿ ಗುಬ್ಬಿ ಒದರೂದ ಕೇಳಸಾಕತ್ತೈತಿ."

ನಾನು ಕೆಸರಲ್ಲಿ ನಿಂತು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಖರೆ, ಗುಬ್ಬಿಗಳ ದನಿ.

"ಯಾರವಾ?" ಎಂದ ಕಾಕಾ.

"ಕಲ್ಲಿದ್ದಲಿನ ಸ್ಥಾವರದ ಅಣ್ಣಾರು. ಅವರೂ ಬೆಂಕಿ ಆರಿಸಿದ್ರಂತ."

"ಹಂಗಾದರ ಖಾಲಿ ಆದ್ರಲ್ಲ. ಬರೂ ವರ್ಷ ನಮ್ಮ ಹೊಲಕ್ಕ ಬರಾಕ ಹೇಳ."

ಚೇಷ್ಟೆಗೆ ಹೇಳಿದ ಮಾತು. ಆದರೆ ಮುಂದಿನ ಸುಗ್ಗಿಗೆ ಅಣ್ಣ ನಿಜವಾಗಿಯೂ ಬಂದರು. ಇಡೀ ದಿನ ಕಾಕಾನ ಹೊಲದಲ್ಲಿ ರವದಿ ಸುತ್ತಿದರು, ಸಾಕುಸಾಕೆನ್ನುವಷ್ಟು ತುರಿಸಿಕೊಂಡರು. ಸಂಜೆ ಎಲ್ಲೂ ಹೊಗೆ ಇರಲಿಲ್ಲ. ಬದುವಿನ ಮೇಲೆ ಕೂತು ರೊಟ್ಟಿ ಮುರಿಯುವಾಗ ಕಾಕಾ ಸಂಕೋಚದಿಂದ ಕೇಳಿದ.

"ಅಲ್ರಿ, ಅಷ್ಟ ದೂರದಿಂದ ಬಂದ ಆಳಾಗಿ ದುಡದ್ರಿ. ನಿಮ್ಮ ಮುಯ್ಯಿ ನಾ ಹೆಂಗ ತೀರಸಲಿ?"

ಅಣ್ಣ ತಲೆ ಎತ್ತಿ, ಜುಂಯ್ ಎನ್ನುತ್ತಿದ್ದ ತಂತಿಗಳನ್ನು ನೋಡಿದರು.

"ನನ್ನ ಒಲಿ ಆರಿಸಿ ನೀವ ಹ್ವಾದ ವರ್ಷನ ತೀರಿಸೀರಿ ಕಾಕಾ" ಎಂದರು. "ನಾ ಈಗ ಬಂದೇನಿ."